ಮ್ಯೂಸಿಕ್ ಪ್ರೊಡಕ್ಷನ್ ಪದವಿ: ಆರಿಸಿಕೊಳ್ಳುವ ಬಗೆ, ಓದುವ ಬಗೆ

ಹಾಡನ್ನು ಕಟ್ಟುವ, ಧ್ವನಿಮುದ್ರಿಸುವ, ತಿದ್ದಿ ತೀಡಿ ಬಿಡುಗಡೆ ಮಾಡುವ ಕೆಲಸಗಳೆಲ್ಲ ಒಂದು ಲ್ಯಾಪ್‌ಟಾಪಿನಲ್ಲೇ ನಡೆದುಹೋಗುವ ಈ ಕಾಲದಲ್ಲಿ, ಅದನ್ನು ಕಲಿಯಲು ಮೂರು ನಾಲ್ಕು ವರ್ಷ ವಿಶ್ವವಿದ್ಯಾಲಯಕ್ಕೆ ಹೋಗಬೇಕೆ ಎಂದು ವಿದ್ಯಾರ್ಥಿಗಳೂ ಕೇಳುತ್ತಾರೆ, ಅವರ ತಂದೆತಾಯಿಯರೂ ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದು. ಸಾಫ್ಟ್‌ವೇರ್ ಬಳಸಲು ಕಲಿಯುವುದಷ್ಟೇ ಗುರಿಯಾಗಿದ್ದರೆ ಪದವಿಯ ಅಗತ್ಯವಿಲ್ಲ. ಯೂಟ್ಯೂಬಿನ ಪಾಠಗಳು ಮತ್ತು ಒಂದಿಷ್ಟು ತಾಳ್ಮೆ ಸಾಕು. ಆದರೆ ಒಳ್ಳೆಯ ಕೊಠಡಿಯಲ್ಲಿ, ಎದುರಿಗೆ ಕಲಾವಿದರು ನುಡಿಸುತ್ತಿರುವಾಗ, ತಪ್ಪನ್ನು ಕೇಳಿದೊಡನೆ ಗುರುತಿಸಬಲ್ಲ ಅನುಭವಿಯೊಬ್ಬರು ಪಕ್ಕದಲ್ಲಿ ಕುಳಿತಿರುವಾಗ ಮಾತ್ರ ದಕ್ಕುವ ವಿದ್ಯೆಯೊಂದಿದೆ. ಕೊಡುವ ಶುಲ್ಕವೂ ಕಳೆಯುವ ವರ್ಷಗಳೂ ಅದಕ್ಕಾಗಿ. ಕೋರ್ಸನ್ನು ಆರಿಸುವಾಗಲೂ, ಸೇರಿದ ಮೇಲೆ ದಿನಗಳನ್ನು ಹಂಚಿಕೊಳ್ಳುವಾಗಲೂ ಒಬ್ಬರೇ ಮನೆಯಲ್ಲಿ ಕುಳಿತು ಕಲಿಯಲಾಗದ್ದು ಇಲ್ಲಿ ಎಷ್ಟು ಸಿಗುತ್ತದೆ ಎಂದು ಕೇಳಿಕೊಳ್ಳಬೇಕು. ಈ ಬರಹದ ಸಲಹೆಗಳೆಲ್ಲ ಆ ಒಂದು ಪ್ರಶ್ನೆಯಿಂದ ಹೊರಟಿವೆ.

ಈ ಶಿಕ್ಷಣದ ಹಿಂದಿದ್ದ ಮೊದಲ ಯೋಚನೆ ಸಂಗೀತವನ್ನೂ ವಿಜ್ಞಾನವನ್ನೂ ಒಟ್ಟಿಗೆ ಕಲಿಸುವುದಾಗಿತ್ತು. ಆಸ್ಟ್ರಿಯಾ ಮೂಲದ ಸಂಗೀತ ರಚನಕಾರ ಅರ್ನಾಲ್ಡ್ ಶೋನ್‌ಬರ್ಗ್ 1946ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ಮುಖ್ಯಸ್ಥ ರಾಬರ್ಟ್ ಹಚಿನ್ಸ್ ಅವರಿಗೆ ಬರೆದ ಪತ್ರದಲ್ಲಿ, ಸಂಗೀತ, ಧ್ವನಿಶಾಸ್ತ್ರ, ಭೌತಶಾಸ್ತ್ರ, ಯಂತ್ರಶಾಸ್ತ್ರ ಇವೆಲ್ಲವನ್ನೂ ಒಟ್ಟಿಗೆ ಕಲಿತ ಧ್ವನಿತಜ್ಞರನ್ನು ತಯಾರು ಮಾಡಬೇಕೆಂದು ಸೂಚಿಸಿದ್ದರು. 1949ರಲ್ಲಿ ಜರ್ಮನಿಯ ಡೆಟ್‌ಮೋಲ್ಡ್‌ನಲ್ಲಿ ಟೋನ್‌ಮೈಸ್ಟರ್ ಎಂಬ ಹೆಸರಿನ, ಅಂದರೆ ನಾದ ನಿಪುಣರನ್ನು ರೂಪಿಸುವ, ಶಿಕ್ಷಣ ಆರಂಭವಾಯಿತು. 1970ರಲ್ಲಿ ಇಂಗ್ಲೆಂಡಿನ ಸರ್ರೆ ವಿಶ್ವವಿದ್ಯಾಲಯ ಅದೇ ಹೆಸರಿನಲ್ಲಿ ಪದವಿ ತೆರೆಯಿತು. ಸ್ವರಲಿಪಿ ಓದಬಲ್ಲ, ವಾದ್ಯ ನುಡಿಸಬಲ್ಲ, ಜೊತೆಗೆ ವಿದ್ಯುನ್ಮಂಡಲದ ಲೆಕ್ಕವನ್ನೂ ಹಾಕಬಲ್ಲ ಮನುಷ್ಯನನ್ನು ಈ ಕೋರ್ಸುಗಳು ಮನಸ್ಸಿನಲ್ಲಿಟ್ಟುಕೊಂಡಿದ್ದವು. ಸಂಗೀತ ಮತ್ತು ವಿಜ್ಞಾನಗಳಲ್ಲಿ ಒಂದನ್ನು ಬಿಟ್ಟು ಇನ್ನೊಂದನ್ನಷ್ಟೇ ಕಲಿಸುವ ಪಠ್ಯಕ್ರಮವನ್ನು ಇಂದಿಗೂ ಅನುಮಾನದಿಂದಲೇ ನೋಡಬೇಕು.

ಪಿಯುಸಿ ಹಂತದಲ್ಲೇ ಮಾಡಬೇಕಾದ ಸಿದ್ಧತೆ

ಕರ್ನಾಟಕದ ವಿದ್ಯಾರ್ಥಿಗಳಿಗೆ ಮೊದಲ ನಿರ್ಧಾರ ಎಸ್‌ಎಸ್‌ಎಲ್‌ಸಿ ಮುಗಿದೊಡನೆ ಎದುರಾಗುತ್ತದೆ. ಸಂಗೀತದ ಆಸಕ್ತಿಯಿದೆ ಎಂಬ ಕಾರಣಕ್ಕೆ ಭೌತಶಾಸ್ತ್ರವನ್ನೂ ಗಣಿತವನ್ನೂ ಕೈಬಿಟ್ಟರೆ ಮುಂದೆ ಕೆಲವು ಬಾಗಿಲುಗಳು ಮುಚ್ಚಿಹೋಗುತ್ತವೆ. ಪುಣೆಯ ಫಿಲ್ಮ್ ಅಂಡ್ ಟೆಲಿವಿಷನ್ ಇನ್‌ಸ್ಟಿಟ್ಯೂಟ್‌ನಲ್ಲಿ ಪದವಿಯ ನಂತರ ಓದುವ ಮೂರು ವರ್ಷದ ಧ್ವನಿಮುದ್ರಣ ಮತ್ತು ಧ್ವನಿವಿನ್ಯಾಸದ ಕೋರ್ಸಿಗೆ, ಹನ್ನೆರಡನೆಯ ತರಗತಿಯಲ್ಲಿ ಭೌತಶಾಸ್ತ್ರ ಓದಿರಬೇಕೆಂಬ ನಿಯಮವಿದೆ. ಸರ್ರೆಯಂಥ ಕಡೆ ಸಂಗೀತದ ಜೊತೆಗೆ ಗಣಿತದ ಗಟ್ಟಿ ತಳಹದಿಯನ್ನು ನಿರೀಕ್ಷಿಸುತ್ತಾರೆ. ಆದ್ದರಿಂದ ಸಾಧ್ಯವಿರುವವರು ಭೌತಶಾಸ್ತ್ರ, ಗಣಿತ ಇರುವ ವಿಜ್ಞಾನ ವಿಭಾಗವನ್ನೇ ತೆಗೆದುಕೊಳ್ಳುವುದು ಲೇಸು. ಹತ್ತಿರದ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಇರುವ ಪಿಸಿಎಂಇ ಸಂಯೋಜನೆ ಸಿಕ್ಕರೆ ಇನ್ನೂ ಒಳ್ಳೆಯದು. ಕಲಾ ಅಥವಾ ವಾಣಿಜ್ಯ ವಿಭಾಗ ಓದಿದವರು ಧೈರ್ಯ ಕಳೆದುಕೊಳ್ಳಬೇಕಿಲ್ಲ, ಅವರಿಗೆ ತೆರೆದಿರುವ ಕೋರ್ಸುಗಳೂ ಇವೆ. ಆದರೆ ತರಂಗ, ಅನುನಾದ, ಲಾಗರಿದಮ್ ಈ ಮೂರು ಅಧ್ಯಾಯಗಳನ್ನು ರಜೆಯಲ್ಲಿ ಕುಳಿತು ಸ್ವಂತವಾಗಿ ಓದಿಕೊಂಡೇ ತರಗತಿಗೆ ಕಾಲಿಡಬೇಕು. ಸದ್ದಿನ ಮಟ್ಟವನ್ನು ಹೇಳುವ ಡೆಸಿಬಲ್ ಎಂಬುದು ಲಾಗರಿದಮ್ಮಿನ ಅಳತೆ. ಅದು ಅರ್ಥವಾಗದಿದ್ದರೆ ಧ್ವನಿಗಳನ್ನು ಬೆರೆಸುವ ಮಿಕ್ಸರಿನ ಮೇಲಿನ ಒಂದು ಅಂಕಿಯೂ ಅರ್ಥವಾಗದು.

ಸಂಗೀತದ ಕಡೆಯ ಸಿದ್ಧತೆಯನ್ನು ನಮ್ಮ ಮಕ್ಕಳು ಹೆಚ್ಚು ಕಡೆಗಣಿಸುತ್ತಾರೆ ಎಂಬುದು ನನ್ನ ಅಭಿಪ್ರಾಯ. ರಾಜ್ಯದ ಜೂನಿಯರ್, ಸೀನಿಯರ್ ಸಂಗೀತ ಪರೀಕ್ಷೆಗಳನ್ನು ಪಾಸು ಮಾಡಿದವರ ಕೈಯಲ್ಲಿ ತಾಳ, ಶ್ರುತಿ, ಗಮಕಗಳ ಜ್ಞಾನ ಚೆನ್ನಾಗಿರುತ್ತದೆ. ಅದು ದೊಡ್ಡ ಆಸ್ತಿ. ಅದರ ಜೊತೆಗೆ ಕೀಬೋರ್ಡಿನಲ್ಲಿ ಹಲವು ಸ್ವರಗಳನ್ನು ಒಟ್ಟಿಗೆ ಒತ್ತುವ ಸರಳವಾದ ಕಾರ್ಡ್‌ಗಳನ್ನು ನುಡಿಸಲು, ಪಾಶ್ಚಾತ್ಯ ಸ್ವರಲಿಪಿಯನ್ನು ನಿಧಾನವಾಗಿಯಾದರೂ ಓದಲು ಕಲಿತಿರಬೇಕು, ಏಕೆಂದರೆ ಬಹುಪಾಲು ಕೋರ್ಸುಗಳ ಪಾಠಭಾಷೆ ಅದೇ. ವಿದೇಶಕ್ಕೆ ಹೋಗುವವರಿಗೆ ಬ್ರಿಟನ್ನಿನ ಪರೀಕ್ಷಾ ಮಂಡಳಿಗಳಾದ ಟ್ರಿನಿಟಿ ಕಾಲೇಜ್ ಲಂಡನ್ ಅಥವಾ ಎಬಿಆರ್‌ಎಸ್‌ಎಂ ನಡೆಸುವ ಗ್ರೇಡ್ ಪರೀಕ್ಷೆಗಳು ಅರ್ಜಿಯಲ್ಲಿ ನೆರವಾಗುತ್ತವೆ. ಎರಡೂ ಭಾರತದಲ್ಲೇ ನಡೆಯುತ್ತವೆ.

ಎರಡು ಪದ್ಧತಿಗಳನ್ನೂ ಬಲ್ಲ ವಿದ್ಯಾರ್ಥಿಗೆ ಬೇಗ ಕಣ್ಣಿಗೆ ಬೀಳುವ ಸಮಸ್ಯೆಯೊಂದನ್ನು ಇಲ್ಲಿಯೇ ಹೇಳಬೇಕು. ಚೆನ್ನಾಗಿ ಶ್ರುತಿ ಮಾಡಿದ ತಂಬೂರಿಯ ನಾದದೊಳಗೆ ಅಂತರ ಗಾಂಧಾರ ತಾನಾಗಿ ಕೇಳಿಬರುತ್ತದೆ. ಆಧಾರ ಷಡ್ಜದಿಂದ ಲೆಕ್ಕ ಹಾಕಿದರೆ ಅದು ಸುಮಾರು 386 ಸೆಂಟ್ಸ್ ಎತ್ತರದಲ್ಲಿರುತ್ತದೆ. ಕೀಬೋರ್ಡಿನ ಒಂದು ಮನೆಯಿಂದ ಪಕ್ಕದ ಮನೆಗಿರುವ ಅಂತರದ ನೂರನೆಯ ಒಂದು ಪಾಲೇ ಸೆಂಟ್. ಕೀಬೋರ್ಡಿನ ಗಾಂಧಾರ ಇರುವುದು 400 ಸೆಂಟ್ಸ್‌ನಲ್ಲಿ. ಪಂಚಮದಲ್ಲಿ ಈ ಅಂತರ ಎರಡು ಸೆಂಟ್ಸ್ ಮಾತ್ರ, ಆದ್ದರಿಂದ ಯಾರಿಗೂ ತಿಳಿಯುವುದಿಲ್ಲ. ಗಾಂಧಾರದಲ್ಲಿ ಹದಿನಾಲ್ಕು ಸೆಂಟ್ಸ್ ಆದಾಗ ತಂಬೂರಿಯ ಮೇಲೆ ಕೀಬೋರ್ಡಿನ ದೀರ್ಘ ಸ್ವರಗಳನ್ನು ಹಾಸಿದ ಕೂಡಲೇ ನಾದ ಕದಡಿದಂತೆ ಕೇಳುತ್ತದೆ. ಕಾರಣ ಗೊತ್ತಿಲ್ಲದವರು ಬೇರೆ ಬೇರೆ ಆವೃತ್ತಿಗಳ ಮಟ್ಟವನ್ನು ಏರಿಳಿಸುವ ಈಕ್ವಲೈಸರ್ ತಿರುಗಿಸುತ್ತ ಕೂರುತ್ತಾರೆ. ಗೊತ್ತಿರುವವರು ಆ ಸ್ವರವನ್ನು ಕೀಬೋರ್ಡಿನ ಭಾಗದಿಂದ ತೆಗೆದುಹಾಕುತ್ತಾರೆ, ಇಲ್ಲವೇ ಸಿಂಥಸೈಜರಿನ ಶ್ರುತಿಯನ್ನೇ ಹೊಂದಿಸುತ್ತಾರೆ. ಅದೇ ರೀತಿ ಹನ್ನೆರಡು ಸ್ವರಸ್ಥಾನಗಳಿಗೆ ಕಟ್ಟಿಹಾಕಿದ ಪಿಚ್ ಕರೆಕ್ಷನ್, ಅಂದರೆ ಶ್ರುತಿ ತಿದ್ದುವ ಸಾಫ್ಟ್‌ವೇರ್, ಗಮಕವನ್ನು ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿಬಿಡುತ್ತದೆ. ಕನ್ನಡದ ಭಾವಗೀತೆ, ದೇವರನಾಮ, ಚಿತ್ರಗೀತೆಗಳಲ್ಲಿ ಕೆಲಸ ಮಾಡಬಯಸುವವರಿಗೆ ಇದು ದಿನನಿತ್ಯದ ಪ್ರಶ್ನೆ. ಪದವಿಯುದ್ದಕ್ಕೂ ಇದನ್ನು ಮನಸ್ಸಿನಲ್ಲಿಟ್ಟುಕೊಂಡವರಿಗೆ ಕೊನೆಯ ವರ್ಷದ ಪ್ರಾಜೆಕ್ಟ್ ಹುಡುಕುವ ಕಷ್ಟ ಬರುವುದಿಲ್ಲ.

ಕೋರ್ಸನ್ನು ಆರಿಸುವುದು

ಒಂದೇ ಹೆಸರಿನಡಿ ಬೇರೆ ಬೇರೆ ಶಿಕ್ಷಣಗಳು ಮಾರಾಟವಾಗುತ್ತಿವೆ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. ಸಂಗೀತ ರಚನೆ ಮತ್ತು ಪ್ರೋಗ್ರಾಮಿಂಗ್ (ಕಂಪ್ಯೂಟರಿನಲ್ಲಿ ವಾದ್ಯಗಳ ಭಾಗಗಳನ್ನು ಕಟ್ಟುವುದು) ಕಲಿಸುವುದು ಒಂದು ಬಗೆ. ಧ್ವನಿಮುದ್ರಣ, ಮುದ್ರಿಸಿದ ಧ್ವನಿಗಳನ್ನು ಹದವಾಗಿ ಬೆರೆಸುವ ಮಿಕ್ಸಿಂಗ್, ಅದನ್ನು ಬಿಡುಗಡೆಗೆ ಅಂತಿಮವಾಗಿ ಸಿದ್ಧಪಡಿಸುವ ಮಾಸ್ಟರಿಂಗ್ ಕಲಿಸುವುದು ಇನ್ನೊಂದು. ಸಿನಿಮಾದ ಧ್ವನಿಯನ್ನು, ಅಂದರೆ ಸಂಭಾಷಣೆ, ಪರಿಸರದ ಸದ್ದು, ಫೋಲಿ (ಹೆಜ್ಜೆ, ಬಟ್ಟೆಯಂಥ ಸದ್ದುಗಳನ್ನು ಸ್ಟುಡಿಯೊದಲ್ಲಿ ಮಾಡಿ ಮುದ್ರಿಸುವುದು) ಇವುಗಳನ್ನು ಕಲಿಸುವುದು ಮತ್ತೊಂದು. ಪುಣೆಯ ಸಂಸ್ಥೆಯಾಗಲಿ, ಕೋಲ್ಕತ್ತದ ಸತ್ಯಜಿತ್ ರೇ ಹೆಸರಿನ ಸಂಸ್ಥೆಯಾಗಲಿ ಮುಖ್ಯವಾಗಿ ಕೊನೆಯ ಬಗೆಗೆ ಸೇರಿದವು. ಬೆಂಗಳೂರಿನ ಹೊರವಲಯದ ಹೆಸರಘಟ್ಟದಲ್ಲಿರುವ ಸರ್ಕಾರಿ ಫಿಲ್ಮ್ ಮತ್ತು ಟೆಲಿವಿಷನ್ ಸಂಸ್ಥೆಯಲ್ಲಿ ಧ್ವನಿಮುದ್ರಣದ ಡಿಪ್ಲೊಮಾ ಇದೆ. 1941ರಷ್ಟು ಹಿಂದೆ ಬೆಂಗಳೂರಿನ ಎಸ್.ಜೆ. ಪಾಲಿಟೆಕ್ನಿಕ್‌ನ ಭಾಗವಾಗಿ ಹುಟ್ಟಿ 1996ರಲ್ಲಿ ಹೆಸರಘಟ್ಟಕ್ಕೆ ಹೋದ ಈ ಸಂಸ್ಥೆಯ ಬಗ್ಗೆ ನಮ್ಮಲ್ಲೇ ಹಲವರಿಗೆ ಗೊತ್ತಿಲ್ಲದಿರುವುದು ಬೇಸರದ ಸಂಗತಿ. ಖಾಸಗಿ ಸಂಸ್ಥೆಯ ಶುಲ್ಕ ಕಟ್ಟಲಾಗದ ಮನೆಯವರು ಮೊದಲು ವಿಚಾರಿಸಬೇಕಾದ ಜಾಗ ಅದು. ಸಂಗೀತವೇ ಮುಖ್ಯವಾದವರಿಗೆ, ಎ.ಆರ್. ರೆಹಮಾನ್ 2008ರಲ್ಲಿ ಚೆನ್ನೈನಲ್ಲಿ ಸ್ಥಾಪಿಸಿದ ಕೆ.ಎಂ. ಮ್ಯೂಸಿಕ್ ಕನ್ಸರ್ವೇಟರಿ ಸಂಗೀತ ತಂತ್ರಜ್ಞಾನವನ್ನು ಪಾಶ್ಚಾತ್ಯ ಮತ್ತು ಹಿಂದೂಸ್ತಾನಿ ಸಂಗೀತದ ಪಾಠಗಳ ಜೊತೆಯಲ್ಲಿ ಕಲಿಸುತ್ತದೆ. ಅಮೆರಿಕದ ಬಾಸ್ಟನ್ನಿನ ಬರ್ಕ್ಲಿ ಕಾಲೇಜಿನಲ್ಲಿ ಪ್ರವೇಶ ದೊರೆತ ಮಾತ್ರಕ್ಕೆ ಮ್ಯೂಸಿಕ್ ಪ್ರೊಡಕ್ಷನ್ ವಿಭಾಗದ ಸೀಟು ಸಿಕ್ಕಂತಲ್ಲ. ಕಾಲೇಜಿಗೆ ಸೇರಿದ ಮೇಲೆ ಆ ವಿಭಾಗಕ್ಕೆ ಮತ್ತೆ ಅರ್ಜಿ ಹಾಕಿ ಆಯ್ಕೆಯಾಗಬೇಕು. ಸಾಲ ಮಾಡಿ ಹೊರಡುವ ಮುನ್ನ ಇಂಥ ನಿಯಮಗಳನ್ನು ಓದಿಕೊಳ್ಳಬೇಕು.

ಪ್ರಮಾಣಪತ್ರದ ವಿಷಯದಲ್ಲೂ ಎಚ್ಚರ ಬೇಕು. ನಗರಗಳಲ್ಲಿ ನಡೆಯುವ ಅನೇಕ ಆಡಿಯೊ ಅಕಾಡೆಮಿಗಳು ಕೊಡುವುದು ತಮ್ಮದೇ ಡಿಪ್ಲೊಮಾವನ್ನು, ವಿಶ್ವವಿದ್ಯಾಲಯದ ಪದವಿಯನ್ನಲ್ಲ. ಕೆಲಸ ಕಲಿಸುವುದರಲ್ಲಿ ಅವುಗಳಲ್ಲಿ ಕೆಲವು ಚೆನ್ನಾಗಿಯೇ ಇರಬಹುದು, ಆದರೆ ಮುಂದೆ ಸ್ನಾತಕೋತ್ತರ ಓದು, ಸರ್ಕಾರಿ ಹುದ್ದೆ, ವಿದೇಶದ ವೀಸಾ ಇವುಗಳಿಗೆ ಪದವಿಯೇ ಬೇಕಾದಾಗ ಆ ಕಾಗದ ಸಾಲದು. ಜಾಹೀರಾತಿನಲ್ಲಿ ವಿಶ್ವವಿದ್ಯಾಲಯದ ಹೆಸರಿದ್ದರೆ, ಅದು ಯುಜಿಸಿ ಪ್ರಕಟಿಸಿರುವ ಪಟ್ಟಿಯಲ್ಲಿದೆಯೇ, ಪದವಿ ಕೊಡುವವರು ನಿಜವಾಗಿ ಯಾರು, ಅಂಕಪಟ್ಟಿಯ ಮೇಲೆ ಯಾರ ಮುದ್ರೆ ಬೀಳುತ್ತದೆ ಎಂಬುದನ್ನು ಬರಹದಲ್ಲಿ ಕೇಳಿ ಪಡೆಯಬೇಕು.

ಕಾಲೇಜನ್ನು ನೋಡಲು ಹೋದಾಗ ದೊಡ್ಡ ಮಿಕ್ಸರ್ ಮೇಜಾದ ಕನ್ಸೋಲನ್ನೂ ಗೋಡೆಯ ಮೇಲಿನ ದೀಪಗಳನ್ನೂ ತೋರಿಸುತ್ತಾರೆ. ಅವನ್ನು ನೋಡಿ ಮೆಚ್ಚಿಕೊಂಡ ಮೇಲೆ ಕೇಳಬೇಕಾದ ಮುಖ್ಯ ಪ್ರಶ್ನೆ ಇದು: ಒಬ್ಬ ವಿದ್ಯಾರ್ಥಿಗೆ ವಾರಕ್ಕೆ ಎಷ್ಟು ಗಂಟೆ ಸ್ಟುಡಿಯೊ ಸಿಗುತ್ತದೆ? ಒಂದೇ ಸ್ಟುಡಿಯೊ, ಅರುವತ್ತು ವಿದ್ಯಾರ್ಥಿಗಳು ಎಂದಾದರೆ ಕನ್ಸೋಲ್ ಎಷ್ಟು ಒಳ್ಳೆಯದಾದರೂ ಅದು ನಿಮ್ಮ ಕೈಗೆ ಬರುವುದು ಅಪರೂಪ. ರಾತ್ರಿ ಮತ್ತು ರಜಾದಿನಗಳಲ್ಲಿ ಬುಕ್ ಮಾಡಿಕೊಳ್ಳಬಹುದೇ ಎಂದು ಕೇಳಿ. ನಾಲ್ಕೈದು ಜನ ಒಟ್ಟಿಗೆ ಕುಳಿತು ನುಡಿಸುವಷ್ಟು ದೊಡ್ಡ ರೆಕಾರ್ಡಿಂಗ್ ಕೊಠಡಿ ಇದೆಯೇ, ಅಥವಾ ಒಬ್ಬರು ನಿಂತು ಹಾಡುವ ಬೂತ್ ಮಾತ್ರವೇ? ಅದೇ ಆವರಣದಲ್ಲಿ ಸಂಗೀತ ವಿಭಾಗವಿದ್ದು, ಅಲ್ಲಿನ ಗಾಯಕರು ವಾದಕರು ಈ ವಿದ್ಯಾರ್ಥಿಗಳೊಡನೆ ಕೆಲಸ ಮಾಡುತ್ತಾರೆಯೇ? ಇದಕ್ಕೆ ನಾನು ಬಹಳ ಬೆಲೆ ಕೊಡುತ್ತೇನೆ. ಬೇರೆಯವರು ಮೊದಲೇ ಮುದ್ರಿಸಿಟ್ಟ ಸ್ಯಾಂಪಲ್‌ಗಳ ಜೊತೆ ಮಾತ್ರ ಕೆಲಸ ಮಾಡಿ ಪದವಿ ಮುಗಿಸಿದವರು, ಸ್ಟುಡಿಯೊದಲ್ಲಿ ಬೆವರುತ್ತ ಐದನೆಯ ಟೇಕ್ ಹಾಡುತ್ತಿರುವ ಗಾಯಕಿಗೆ ಏನು ಹೇಳಬೇಕು, ಯಾವಾಗ ಸುಮ್ಮನಿರಬೇಕು ಎಂಬುದನ್ನು ಮೊದಲಿನಿಂದ ಕಲಿಯಬೇಕಾಗುತ್ತದೆ. ಪಠ್ಯಕ್ರಮದಲ್ಲಿ ಧ್ವನಿಶಾಸ್ತ್ರ, ಎಲೆಕ್ಟ್ರಾನಿಕ್ಸ್, ಕಿವಿಯ ತರಬೇತಿ ಎಂಬ ಹೆಸರುಗಳಿರದೆ ಬರೀ ಸಾಫ್ಟ್‌ವೇರುಗಳ ಹೆಸರುಗಳೇ ತುಂಬಿದ್ದರೆ ಆ ಕೋರ್ಸ್ ಐದು ವರ್ಷದಲ್ಲಿ ಹಳತಾಗುತ್ತದೆ. ಸರ್ರೆಯಲ್ಲಿ ಕೊನೆಯ ವರ್ಷಕ್ಕೆ ಮುನ್ನ ಒಂದು ಇಡೀ ವರ್ಷವನ್ನು ಸ್ಟುಡಿಯೊ ಅಥವಾ ಧ್ವನಿ ಸಂಸ್ಥೆಯಲ್ಲಿ ಕೆಲಸ ಮಾಡುತ್ತ ಕಳೆಯುವ ವ್ಯವಸ್ಥೆಯಿದೆ. ನಮ್ಮ ಕೋರ್ಸುಗಳಲ್ಲಿ ಅಷ್ಟು ದೀರ್ಘ ಅವಧಿ ಇರದಿದ್ದರೂ, ಇಂಟರ್ನ್‌ಶಿಪ್ ಎಲ್ಲಿ, ಎಷ್ಟು ತಿಂಗಳು, ಅದನ್ನು ಹುಡುಕಿಕೊಡುವವರು ಯಾರು ಎಂದು ಕೇಳುವುದು ವಿದ್ಯಾರ್ಥಿಯ ಹಕ್ಕು. ಸಾಧ್ಯವಾದರೆ ಕೊನೆಯ ವರ್ಷದಲ್ಲಿ ಓದುತ್ತಿರುವ ಇಬ್ಬರೊಡನೆ ಕ್ಯಾಂಟೀನಿನಲ್ಲಿ ಮಾತಾಡಿ. ಅಲ್ಲಿ ಸಿಗುವ ಉತ್ತರಗಳು ಕಚೇರಿಯಲ್ಲಿ ಸಿಗುವವಕ್ಕಿಂತ ಉಪಯುಕ್ತ.

ಅರ್ಜಿ ಮತ್ತು ಸಂದರ್ಶನ

ಪ್ರವೇಶಕ್ಕಾಗಿ ಕೆಲಸದ ಮಾದರಿಗಳನ್ನು ಕೇಳುವ ಕಡೆ ಹತ್ತು ಹಾಡು ಕಳಿಸುವ ಬದಲು ಎರಡು ಮೂರು ಕಳಿಸಿ. ಅವುಗಳಲ್ಲಿ ಒಂದರಲ್ಲಾದರೂ ಮೈಕಿನ ಮುಂದೆ ನಿಜವಾಗಿ ಹಾಡಿದ ಅಥವಾ ನುಡಿಸಿದ ಧ್ವನಿ ಇರಲಿ. ಪ್ರತಿಯೊಂದಕ್ಕೂ ಅರ್ಧ ಪುಟದ ಟಿಪ್ಪಣಿ ಬರೆದು, ಯಾವ ಭಾಗ ನಿಮ್ಮದು, ಯಾವುದು ಬೇರೆಯವರದು, ಯಾವ ಲೂಪ್ (ಮತ್ತೆ ಮತ್ತೆ ಬರುವ ಸಿದ್ಧ ತುಣುಕು) ಎಲ್ಲಿಂದ ತೆಗೆದದ್ದು ಎಂಬುದನ್ನು ಮುಚ್ಚುಮರೆಯಿಲ್ಲದೆ ತಿಳಿಸಬೇಕು. ಸಂದರ್ಶನದಲ್ಲಿ ಒಂದು ಧ್ವನಿಮುದ್ರಣ ಕೇಳಿಸಿ ಏನು ಕೇಳಿಸಿತು ಎಂದು ಪ್ರಶ್ನಿಸಿದರೆ ಚೆನ್ನಾಗಿದೆ, ಪವರ್‌ಫುಲ್ ಆಗಿದೆ ಎಂಬ ಉತ್ತರಗಳಿಂದ ಏನೂ ತಿಳಿಯುವುದಿಲ್ಲ. ಗಾಯಕರು ಮುಂದಿದ್ದಾರೆಯೋ ಹಿಂದಿದ್ದಾರೆಯೋ, ಬಲಗಡೆ ಯಾವ ವಾದ್ಯವಿದೆ, ಚರಣಕ್ಕೆ ಬಂದಾಗ ಹೊಸದಾಗಿ ಏನು ಸೇರಿತು, ಕೊಠಡಿ ದೊಡ್ಡದೋ ಚಿಕ್ಕದೋ ಎಂದು ಕೇಳಿಸಿದ್ದನ್ನು ಕೇಳಿಸಿದಂತೆ ವಿವರಿಸುವ ಅಭ್ಯಾಸವನ್ನು ಕೆಲವು ತಿಂಗಳ ಮೊದಲೇ ಶುರುಮಾಡಬೇಕು. ಕನ್ನಡ ಮಾಧ್ಯಮದಲ್ಲಿ ಓದಿದವರು ಈ ವಿವರಣೆಯನ್ನು ಮೊದಲು ಕನ್ನಡದಲ್ಲೇ ನೋಟ್‌ಬುಕ್ಕಿನಲ್ಲಿ ಬರೆದು, ಆಮೇಲೆ ಇಂಗ್ಲಿಷಿನಲ್ಲಿ ಹೇಳಿ ನೋಡಿದರೆ ಭಯ ಕಡಿಮೆಯಾಗುತ್ತದೆ.

ಸೇರಿದ ಮೇಲೆ: ಕಿವಿ, ಕೊಠಡಿ, ಮೈಕ್

ಮೊದಲ ವರ್ಷದಲ್ಲಿ ಬೇರೆಲ್ಲಕ್ಕಿಂತ ಹೆಚ್ಚು ಸಮಯವನ್ನು ಕಿವಿಗೆ ಕೊಡಬೇಕು. ಇದಕ್ಕೊಂದು ಹಳೆಯ, ಗಟ್ಟಿ ವಿಧಾನವಿದೆ. 63, 125, 250, 500, 1000, 2000, 4000, 8000 ಹರ್ಟ್ಸ್ ಎಂದು ಒಂದಕ್ಕೊಂದು ಇಮ್ಮಡಿಯಾಗುತ್ತ ಹೋಗುವ ಆವೃತ್ತಿಗಳನ್ನು ಆಧಾರವಾಗಿಟ್ಟುಕೊಳ್ಳಿ. ಗೆಳೆಯರೊಬ್ಬರು ಪಿಂಕ್ ನಾಯ್ಸ್ (ಎಲ್ಲ ಆವೃತ್ತಿಗಳೂ ಬೆರೆತ ಭೋರ್ಗರೆತದಂಥ ಸದ್ದು) ಹಾಕಿ, ಈಕ್ವಲೈಸರಿನಲ್ಲಿ ಇವುಗಳಲ್ಲಿ ಒಂದನ್ನು 12 ಡೆಸಿಬಲ್ ಏರಿಸಲಿ. ಯಾವುದು ಎಂದು ನೀವು ಹೇಳಬೇಕು. ಮೊದಲು ಮೂರೇ ಆವೃತ್ತಿಗಳಿಂದ ಆರಂಭಿಸಿ, ನಂತರ ಎಂಟಕ್ಕೂ ಹೋಗಿ, ಏರಿಕೆಯನ್ನು 6 ಡೆಸಿಬಲ್‌ಗೆ ಇಳಿಸಿ, ಆಮೇಲೆ ನಾಯ್ಸ್ ಬಿಟ್ಟು ನಿಜವಾದ ಸಂಗೀತದಲ್ಲಿ ಇದೇ ಆಟ ಆಡಿ. ದಿನಕ್ಕೆ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಬೇಡ, ಆದರೆ ಒಂದು ದಿನವೂ ತಪ್ಪಬಾರದು. ಸಾಧಕ ಮಾಡಿದವರಿಗೆ ಈ ಶಿಸ್ತು ಹೊಸದಲ್ಲ. ಎರಡು ಮಿಕ್ಸ್‌ಗಳನ್ನು ಹೋಲಿಸುವಾಗ ಎರಡನ್ನೂ ಒಂದೇ ಮಟ್ಟದ ಸದ್ದಿಗೆ ತಂದುಕೊಂಡೇ ಕೇಳಬೇಕು. ಕಡಿಮೆ ಸದ್ದಿನಲ್ಲಿ ನಮ್ಮ ಕಿವಿಗೆ ಮಂದ್ರವೂ ತಾರವೂ ಕಡಿಮೆಯಾಗಿ ಕೇಳಿಸುತ್ತವೆ ಎಂಬುದನ್ನು ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ದಾರೆ. ಆದ್ದರಿಂದ ಸ್ವಲ್ಪ ಜೋರಾಗಿರುವ ಮಿಕ್ಸ್, ಅದರಲ್ಲಿ ಬೇರೇನೂ ವಿಶೇಷವಿಲ್ಲದಿದ್ದರೂ, ಚೆನ್ನಾಗಿದೆ ಅನ್ನಿಸಿಬಿಡುತ್ತದೆ.

ಕೊಠಡಿಯ ಲೆಕ್ಕವನ್ನು ಸ್ವಂತ ಹಾಸ್ಟೆಲ್ ಕೋಣೆಯಿಂದಲೇ ಶುರುಮಾಡಬಹುದು. ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದದ ಕೋಣೆ ಎಂದುಕೊಳ್ಳಿ, ಅಂದರೆ ಸುಮಾರು 3.05 ಮತ್ತು 3.66 ಮೀಟರ್. ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಅದನ್ನು ಗೋಡೆಯಿಂದ ಗೋಡೆಗಿರುವ ದೂರದ ಎರಡರಷ್ಟರಿಂದ ಭಾಗಿಸಿದರೆ 56 ಮತ್ತು 47 ಹರ್ಟ್ಸ್ ಬರುತ್ತದೆ. ಈ ಆವೃತ್ತಿಗಳಲ್ಲಿ ಕೋಣೆಯೇ ಅನುನಾದಗೊಂಡು, ಗೋಡೆಯ ಬಳಿ ಬೇಸ್ (ಮಂದ್ರದ ಧ್ವನಿ) ಉಬ್ಬಿ, ಕೋಣೆಯ ನಡುವೆ ಬಹುಮಟ್ಟಿಗೆ ಮಾಯವಾಗುತ್ತದೆ. ಇಂಥ ಜಾಗದಲ್ಲಿ ಕುಳಿತು ಬೇಸ್ ಗಿಟಾರಿನ ಮಟ್ಟವನ್ನು ನಿರ್ಧರಿಸಿದರೆ ಹೊರಗೆ ಕೇಳಿದಾಗ ನಿರಾಸೆಯೇ ಗತಿ. ಗೋಡೆಗೆ ಅಂಟಿಸುವ ತೆಳ್ಳನೆಯ ಫೋಮ್ ಹಾಳೆ ಇಷ್ಟು ಕೆಳಗಿನ ಆವೃತ್ತಿಗೆ ಏನನ್ನೂ ಮಾಡಲಾರದು. ಆದ್ದರಿಂದ ಪ್ರೋಗ್ರಾಮಿಂಗ್, ಎಡಿಟಿಂಗ್ ಕೆಲಸಗಳನ್ನು ಕೋಣೆಯಲ್ಲಿ ಮುಗಿಸಿ, ಬೇಸ್ ಮತ್ತು ಕೊಠಡಿಯ ಅನುರಣನದಂಥ ರಿವರ್ಬ್‌ನ ತೀರ್ಮಾನಗಳನ್ನು ವಿಶ್ವವಿದ್ಯಾಲಯದ ಕಂಟ್ರೋಲ್ ರೂಮಿಗೆ ಉಳಿಸಿಕೊಳ್ಳಬೇಕು.

ಮೈಕ್ರೊಫೋನಿನ ಪಾಠವನ್ನು ಕೈಯಾರೆ ಮಾಡಿಯೇ ಕಲಿಯಬೇಕು. ಒಂದು ವಾದ್ಯಕ್ಕೆ ಎರಡು ಮೈಕ್ ಇಟ್ಟಾಗ, ಒಂದಕ್ಕಿಂತ ಇನ್ನೊಂದಕ್ಕೆ ಶಬ್ದ 34 ಸೆಂಟಿಮೀಟರ್ ಹೆಚ್ಚು ದೂರ ಸಾಗಬೇಕಾದರೆ ಅದು ಸುಮಾರು ಒಂದು ಮಿಲಿಸೆಕೆಂಡ್ ತಡವಾಗಿ ತಲುಪುತ್ತದೆ. ಎರಡನ್ನೂ ಸಮವಾಗಿ ಕೂಡಿಸಿದಾಗ 500, 1500, 2500 ಹರ್ಟ್ಸ್‌ಗಳಲ್ಲಿ ಒಂದನ್ನೊಂದು ಅಳಿಸಿಹಾಕುತ್ತವೆ, ವಾದ್ಯ ಟೊಳ್ಳಾಗಿ ಕೇಳುತ್ತದೆ. ಬೇರೆ ಬೇರೆ ಕಲಾವಿದರಿಗೆ ಒಂದೊಂದು ಮೈಕ್ ಇಡುವಾಗ ಮೈಕಿನಿಂದ ಮೈಕಿಗಿರುವ ದೂರ, ಮೈಕಿನಿಂದ ಕಲಾವಿದರಿಗಿರುವ ದೂರದ ಮೂರು ಪಟ್ಟಾದರೂ ಇರಲಿ ಎಂಬ ರೂಢಿಯ ನಿಯಮ ಈ ತೊಂದರೆಯನ್ನು ತಗ್ಗಿಸಲೆಂದೇ ಇದೆ. ಮೃದಂಗದ ಎರಡು ಮುಖಗಳಿಗೂ ಮೈಕ್ ಇಟ್ಟಾಗ ಒಂದರ ಪೊಲಾರಿಟಿಯನ್ನು, ಅಂದರೆ ತರಂಗದ ಏರಿಳಿತವನ್ನು, ತಲೆಕೆಳಗಾಗಿ ತಿರುವಿ ಕೇಳಿ, ಯಾವುದರಲ್ಲಿ ಎಡದ ಗುಂಕಿ (ಜಾರುವ ಮಂದ್ರ ನಾದ) ತುಂಬಿಕೊಂಡು ಬರುತ್ತದೆಯೋ ಅದನ್ನು ಉಳಿಸಿಕೊಳ್ಳಿ. ಎಡಭಾಗಕ್ಕೆ ಮೆತ್ತಿದ ರವೆ ಒಣಗುತ್ತ ಬಂದಂತೆ ಅದರ ನಾದ ಬದಲಾಗುವುದರಿಂದ ಬೆಳಗಿನ ಟೇಕನ್ನೂ ಮಧ್ಯಾಹ್ನದ ಟೇಕನ್ನೂ ಕತ್ತರಿಸಿ ಜೋಡಿಸುವ ಆಸೆ ಬೇಡ. ಕಲಾವಿದರನ್ನೇ ಕೇಳಿ, ಪ್ರತಿ ಟೇಕಿಗೆ ಮುನ್ನ ಸರಿಮಾಡಿಕೊಳ್ಳಲು ಸಮಯ ಕೊಡಿ.

ಎರಡನೆಯ ವರ್ಷದ ಹೊತ್ತಿಗೆ, ಪಠ್ಯದಲ್ಲಿ ಇರಲಿ ಬಿಡಲಿ, ಯಕ್ಷಗಾನದ ಹಿಮ್ಮೇಳವನ್ನು ಒಮ್ಮೆ ರೆಕಾರ್ಡ್ ಮಾಡಿ ನೋಡಬೇಕೆಂದು ನಾನು ಒತ್ತಿ ಹೇಳುತ್ತೇನೆ. ಇಂಗ್ಲಿಷ್ ಪಠ್ಯಪುಸ್ತಕದ ಡ್ರಮ್ ಸೆಟ್ ಪಾಠದಲ್ಲಿ ಇಲ್ಲದ ಕಷ್ಟಗಳು ಅಲ್ಲಿವೆ. ಭಾಗವತರ ಕಂಠ, ಅವರ ಕೈಯ ತಾಳ, ಮದ್ದಳೆ, ಶ್ರುತಿ ಇವೆಲ್ಲ ಒಂದೆಡೆ ಇರುವಾಗ ಪಕ್ಕದಲ್ಲೇ ಚೆಂಡೆ ಮೊಳಗುತ್ತದೆ. ಅದರ ಸದ್ದು ಭಾಗವತರ ಮೈಕಿನೊಳಗೆ ಅವರ ಕಂಠದಷ್ಟೇ ಜೋರಾಗಿ ನುಗ್ಗುತ್ತದೆ. ಅವರನ್ನು ಬೇರೆ ಬೇರೆ ಕೊಠಡಿಗಳಲ್ಲಿ ಕೂರಿಸಿ ಹೆಡ್‌ಫೋನ್ ಕೊಟ್ಟರೆ ತಾಂತ್ರಿಕ ಸಮಸ್ಯೆ ಬಗೆಹರಿಯುತ್ತದೆ, ಆದರೆ ಪರಸ್ಪರ ಮುಖ ನೋಡಿ ಏರಿಳಿಸುವ ಕಲೆ ಸತ್ತುಹೋಗುತ್ತದೆ. ಹಾಗಾಗಿ ಮೈಕಿನ ದಿಕ್ಕಿನ ಜ್ಞಾನವೇ ಉಳಿದ ದಾರಿ. ಮುಂದಿನ ಸದ್ದನ್ನೇ ಹೆಚ್ಚಾಗಿ ಹಿಡಿಯುವ ಕಾರ್ಡಿಯಾಯ್ಡ್ ಮೈಕ್ ಅತಿ ಕಡಿಮೆ ಕೇಳಿಸಿಕೊಳ್ಳುವುದು ತನ್ನ ನೇರ ಬೆನ್ನಿನ ಕಡೆಯಿಂದ. ಸೂಪರ್‌ಕಾರ್ಡಿಯಾಯ್ಡ್ ಎಂಬ, ಇನ್ನೂ ಕಿರಿದಾಗಿ ಕೇಳುವ ಮೈಕ್ ಆದರೆ ಮುಂಭಾಗದಿಂದ ಅಳೆದ ಸುಮಾರು 126 ಡಿಗ್ರಿ ಕೋನದಿಂದ. ಭಾಗವತರ ಮೈಕಿನ ಆ ಕುರುಡು ದಿಕ್ಕು ಚೆಂಡೆಯ ಕಡೆಗೆ ಬರುವಂತೆ ಇಟ್ಟು, ಕಂಠಕ್ಕೆ ಆದಷ್ಟು ಹತ್ತಿರ ತಂದು, ಚೆಂಡೆಯ ಮೈಕನ್ನು ಕೊನೆಗೆ ಅಗತ್ಯವಿದ್ದರೆ ಮಾತ್ರ ಸೇರಿಸಿ. ಎಲ್ಲಕ್ಕಿಂತ ಮೊದಲು ಆಟವನ್ನೋ ತಾಳಮದ್ದಳೆಯನ್ನೋ ಮೈಕಿಲ್ಲದೆ ಹತ್ತಿರ ಕುಳಿತು ಒಂದು ರಾತ್ರಿ ಕೇಳಿರಬೇಕು. ಯಾವ ಧ್ವನಿಯನ್ನು ಹಿಡಿಯಬೇಕೆಂದು ಗೊತ್ತಿಲ್ಲದೆ ಮೈಕ್ ಎಲ್ಲಿಟ್ಟರೂ ಪ್ರಯೋಜನವಿಲ್ಲ.

ಪ್ರತಿ ಸೆಷನ್ನಿಗೂ ದಾಖಲೆ ಬರೆಯುವ ರೂಢಿಯನ್ನು ಮೊದಲ ದಿನದಿಂದಲೇ ಬೆಳೆಸಿಕೊಳ್ಳಬೇಕು: ಯಾವ ಮೈಕ್, ಎಷ್ಟು ದೂರ, ಯಾವ ಚಾನೆಲ್, ಯಾವ ಟೇಕ್ ಒಳ್ಳೆಯದು, ಏಕೆ. ವಿಶ್ವವಿದ್ಯಾಲಯದ ಮೌಲ್ಯಮಾಪನದಲ್ಲಿ ಕೇಳಲು ಚೆನ್ನಾಗಿರುವ ಮಿಕ್ಸಿಗೆ ಅಂಕ ಸಿಗುವಂತೆ, ಆ ತೀರ್ಮಾನಗಳಿಗೆ ಕೊಟ್ಟ ಕಾರಣಗಳಿಗೂ ಸಿಗುತ್ತದೆ. ದಾಖಲೆಯಿಲ್ಲದವರು ವೈವಾದಲ್ಲಿ ತಡವರಿಸುತ್ತಾರೆ.

ಕಂಪ್ಯೂಟರ್, ಸಾಫ್ಟ್‌ವೇರ್, ಕಡತಗಳು

ಇದರ ಬಗ್ಗೆ ವಿದ್ಯಾರ್ಥಿಗಳು ಅಗತ್ಯಕ್ಕಿಂತ ಹೆಚ್ಚು ಚರ್ಚಿಸುತ್ತಾರೆ. ಕಾಲೇಜಿನಲ್ಲಿ ಪ್ರೊ ಟೂಲ್ಸ್ ಎಂಬ ಧ್ವನಿಮುದ್ರಣದ ಸಾಫ್ಟ್‌ವೇರ್ ಕಲಿಸಿದರೆ ಅದನ್ನು ಕಲಿಯಿರಿ, ಸ್ಟುಡಿಯೊಗಳಲ್ಲಿ ಅದು ಬೇಕಾಗುತ್ತದೆ; ಮನೆಯಲ್ಲಿ ಅಭ್ಯಾಸಕ್ಕೆ ಅದೇ ಬಗೆಯ, ಕಡಿಮೆ ಬೆಲೆಯ ರೀಪರ್ ಸಾಕು, ಹಣ ಕೊಡುವ ಮುನ್ನ 60 ದಿನ ಬಳಸಿ ನೋಡಲು ಅದು ಅವಕಾಶ ಕೊಡುತ್ತದೆ. ಸಾಫ್ಟ್‌ವೇರಿಗೆ ಜೋಡಿಸುವ ಕದ್ದ ಪ್ಲಗಿನ್‌ಗಳನ್ನು ಹಾಕಿಕೊಳ್ಳಬೇಡಿ, ನಾಳೆ ನಿಮ್ಮ ಹಾಡಿಗೂ ಅದೇ ನ್ಯಾಯ ಅನ್ವಯಿಸುತ್ತದೆ. ಧ್ವನಿಮುದ್ರಣ 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿರಲಿ, ಸಿನಿಮಾ ಮತ್ತು ವಿಡಿಯೊಗೆ ಅದೇ ರೂಢಿ. 24 ಬಿಟ್‌ನಲ್ಲಿ ಬೇಕಾದಷ್ಟು ಅವಕಾಶವಿರುವುದರಿಂದ ಅತಿ ಜೋರಾದ ಕ್ಷಣವೂ ಕಂಪ್ಯೂಟರ್ ಹಿಡಿಯಬಲ್ಲ ಗರಿಷ್ಠ ಮಟ್ಟವಾದ ಸೊನ್ನೆಗಿಂತ 6ರಿಂದ 12 ಡೆಸಿಬಲ್ ಕೆಳಗಿರುವಂತೆ ಮಟ್ಟ ಇಡಬಹುದು. ಈ ಲೆಕ್ಕದಲ್ಲಿ ಒಂದು ಟ್ರ್ಯಾಕಿಗೆ ನಿಮಿಷಕ್ಕೆ ಸುಮಾರು 8.6 ಎಂಬಿ, ಅಂದರೆ 24 ಟ್ರ್ಯಾಕುಗಳ ಐದು ನಿಮಿಷದ ಒಂದು ಟೇಕಿಗೆ ಸುಮಾರು ಒಂದು ಜಿಬಿ ಬೇಕು. ಎಲ್ಲದರ ಮೂರು ಪ್ರತಿಗಳಿರಲಿ, ಅವು ಎರಡು ಬೇರೆ ಬಗೆಯ ಸಂಗ್ರಹಗಳಲ್ಲಿರಲಿ, ಒಂದು ಪ್ರತಿ ಬೇರೆ ಊರಿನಲ್ಲೋ ಕ್ಲೌಡಿನಲ್ಲೋ ಇರಲಿ.

ಕಿವಿಯನ್ನು ಉಳಿಸಿಕೊಳ್ಳುವ ಮಾತನ್ನು ಯಾವ ಪಠ್ಯಕ್ರಮವೂ ಸಾಕಷ್ಟು ಹೇಳುವುದಿಲ್ಲ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯಾದ ನಿಯೋಶ್ ಸೂಚಿಸುವ ಮಿತಿ ದಿನಕ್ಕೆ ಎಂಟು ಗಂಟೆ, 85 ಡೆಸಿಬಲ್. ಅಲ್ಲಿಂದ ಮೇಲೆ ಪ್ರತಿ 3 ಡೆಸಿಬಲ್‌ಗೆ ಸಮಯ ಅರ್ಧವಾಗುತ್ತದೆ. 94 ಡೆಸಿಬಲ್ ಆದರೆ ಒಂದು ಗಂಟೆ, 100 ಆದರೆ ಹದಿನೈದು ನಿಮಿಷ. ಹಗಲೆಲ್ಲ ಹೆಡ್‌ಫೋನಿನಲ್ಲಿ ಕೆಲಸ ಮಾಡಿ ಸಂಜೆ ಆರ್ಕೆಸ್ಟ್ರಾದ ಸೌಂಡ್ ಮಾಡಲು ಹೋಗುವ ವಿದ್ಯಾರ್ಥಿಗಳು ಈ ಮಿತಿಯನ್ನು ಸುಲಭವಾಗಿ ದಾಟುತ್ತಾರೆ. ಕಳೆದುಹೋದ ಶ್ರವಣಶಕ್ತಿ ಹಿಂದಿರುಗುವುದಿಲ್ಲ. ಇಯರ್‌ಪ್ಲಗ್ ಜೇಬಿನಲ್ಲಿರಲಿ.

ಕೊನೆಯ ವರ್ಷ: ಪ್ರಾಜೆಕ್ಟ್ ಮತ್ತು ಹಕ್ಕುಗಳು

ಪ್ರಾಜೆಕ್ಟಿಗೆ ದೊಡ್ಡ ವಿಷಯಕ್ಕಿಂತ ಅಳೆಯಬಹುದಾದ ವಿಷಯ ಒಳ್ಳೆಯದು. ಪಿಚ್ ಕರೆಕ್ಷನ್ನಿನ ಬೇರೆ ಬೇರೆ ವೇಗಗಳಲ್ಲಿ ಗಮಕ ಎಲ್ಲಿಯವರೆಗೆ ಉಳಿಯುತ್ತದೆ ಎಂಬುದನ್ನು ಒಂದೇ ರಾಗದ ಒಂದೇ ಪಲ್ಲವಿಯಲ್ಲಿ ಪರೀಕ್ಷಿಸಿ ಸಂಗೀತ ವಿದ್ವಾಂಸರಿಗೆ ಕೇಳಿಸುವುದು, ತತ್ವಪದಕಾರರ ತಂಬೂರಿ ಮತ್ತು ದಮ್ಮಡಿಯನ್ನು ಅವರ ಊರಿನ ಗುಡಿಯ ಜಗುಲಿಯಲ್ಲೂ ಸ್ಟುಡಿಯೊದಲ್ಲೂ ಮುದ್ರಿಸಿ ಹೋಲಿಸುವುದು, ಇಂಥ ಕೆಲಸಗಳಿಗೆ ದುಬಾರಿ ಸಲಕರಣೆ ಬೇಡ ಮತ್ತು ಇವನ್ನು ನಮ್ಮ ನೆಲದ ವಿದ್ಯಾರ್ಥಿ ಮಾಡದಿದ್ದರೆ ಬೇರೆ ಯಾರೂ ಮಾಡುವುದಿಲ್ಲ. ಹಳ್ಳಿಯ ಕಲಾವಿದರನ್ನು ಮುದ್ರಿಸುವಾಗ ಅವರಿಗೆ ಸಂಭಾವನೆ ಕೊಟ್ಟು, ಧ್ವನಿಮುದ್ರಣವನ್ನು ಎಲ್ಲೆಲ್ಲಿ ಬಳಸುತ್ತೀರಿ ಎಂಬುದನ್ನು ಅವರ ಭಾಷೆಯಲ್ಲಿ ಓದಿ ಹೇಳಿ, ಲಿಖಿತ ಒಪ್ಪಿಗೆ ಪಡೆಯಬೇಕು. ಹಾಡಿದವರಿಗೂ ನುಡಿಸಿದವರಿಗೂ ತಮ್ಮ ಪ್ರದರ್ಶನದ ಮೇಲೆ ಕಾನೂನಿನಲ್ಲಿ ಹಕ್ಕಿದೆ.

ಆ ಕಾನೂನನ್ನು ಕಾಲೇಜು ಕಲಿಸದಿದ್ದರೆ ನೀವೇ ಓದಿಕೊಳ್ಳಿ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಧ್ವನಿಮುದ್ರಣದ ನಿರ್ಮಾಪಕ ಎಂದರೆ ಅದನ್ನು ತಯಾರಿಸಲು ಮುಂದಾಗಿ ಜವಾಬ್ದಾರಿ ಹೊತ್ತ ವ್ಯಕ್ತಿ. ಸಾಮಾನ್ಯವಾಗಿ ಅದು ಹಣ ಹಾಕಿದ ಕಂಪನಿಯಾಗಿರುತ್ತದೆಯೇ ಹೊರತು ರಾತ್ರಿಯಿಡೀ ಮಿಕ್ಸ್ ಮಾಡಿದ ನೀವಲ್ಲ. ಧ್ವನಿಮುದ್ರಣದ ಹಕ್ಕು ಪ್ರಕಟಣೆಯ ನಂತರ 60 ವರ್ಷ ಉಳಿಯುತ್ತದೆ. 2012ರ ತಿದ್ದುಪಡಿಯ ನಂತರ ಸಾಹಿತ್ಯ ಬರೆದವರು ಮತ್ತು ರಾಗ ಸಂಯೋಜಿಸಿದವರು ತಮ್ಮ ರಾಯಲ್ಟಿಯ ಪಾಲನ್ನು ಕಂಪನಿಗೆ ಬರೆದುಕೊಡುವಂತಿಲ್ಲ, ಅದು ಅವರಿಗೇ ಬರಬೇಕು. ಆದರೆ ಪ್ರೋಗ್ರಾಮಿಂಗ್ ಅಥವಾ ಮಿಕ್ಸಿಂಗ್ ಮಾತ್ರ ಮಾಡಿದವರಿಗೆ ಈ ರಕ್ಷಣೆ ತಾನಾಗಿ ಬರುವುದಿಲ್ಲ, ಒಪ್ಪಂದದಲ್ಲಿ ಬರೆಸಿಕೊಂಡದ್ದಷ್ಟೇ ಸಿಗುತ್ತದೆ. ಹಾಗಾಗಿ ಗೆಳೆಯರ ಹಾಡಿಗೆ ಕೆಲಸ ಮಾಡುವಾಗಲೂ, ಮೊದಲ ಟೇಕಿಗೆ ಮುನ್ನವೇ, ಒಂದು ಪುಟದಲ್ಲಿ ಸಾಹಿತ್ಯ ಯಾರದು, ಸಂಯೋಜನೆ ಯಾರದು, ಮಾಸ್ಟರ್ (ಮೂಲ ಧ್ವನಿಮುದ್ರಣ) ಯಾರ ಬಳಿ ಇರುತ್ತದೆ, ಹೆಸರುಗಳು ಯಾವ ಕ್ರಮದಲ್ಲಿ ಬರುತ್ತವೆ, ಹಣ ಬಂದರೆ ಶೇಕಡಾ ಎಷ್ಟೆಷ್ಟು ಎಂದು ಬರೆದು ಎಲ್ಲರ ಸಹಿ ಹಾಕಿಸಿ. ವಿಶ್ವವಿದ್ಯಾಲಯದ ಸ್ಟುಡಿಯೊದಲ್ಲಿ ಮಾಡಿದ ಕೆಲಸದ ಮೇಲೆ ಸಂಸ್ಥೆಗೆ ಹಕ್ಕಿದೆಯೇ, ಅದನ್ನು ವಾಣಿಜ್ಯವಾಗಿ ಬಿಡುಗಡೆ ಮಾಡಲು ಅನುಮತಿ ಬೇಕೇ ಎಂಬುದನ್ನು ನಿಯಮಪುಸ್ತಕದಲ್ಲಿ ನೋಡಿಕೊಂಡು, ಅಲ್ಲಿ ಇಲ್ಲದಿದ್ದರೆ ವಿಭಾಗದ ಮುಖ್ಯಸ್ಥರಿಂದ ಲಿಖಿತ ಉತ್ತರ ಪಡೆದ ನಂತರವೇ ಹಾಡನ್ನು ಬಿಡುಗಡೆ ಮಾಡಿ.